ಒಂದು ಯೂರೋ ಬೆಲೆಯ ಕ್ಲಬ್

ಪ್ರಶ್ನೆ: ಫುಟ್‌ಬಾಲ್ ಕ್ಲಬ್ಬೊಂದು ದಿವಾಳಿಯಾದರೆ ಆಟಗಾರರ ಬಾಕಿ ಸಂಬಳದ ಗತಿಯೇನು?

ಉತ್ತರ: ಇಟಲಿಯ ಪಾರ್ಮಾ ಕ್ಲಬ್ಬಿನ ಕಥೆಯನ್ನೇ ನೋಡಿ. 1999ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್ ಗೆದ್ದಿದ್ದ ಈ ತಂಡವನ್ನು 2015ರ ಫೆಬ್ರುವರಿಯಲ್ಲಿ ಹೊಸ ಮಾಲೀಕರು ಕೊಂಡದ್ದು ಕೇವಲ ಒಂದು ಯೂರೋಗೆ; ಸಾಲ ಮಾತ್ರ ಬೆಟ್ಟದಷ್ಟಿತ್ತು. ಕ್ರೀಡಾಂಗಣದ ಸಿಬ್ಬಂದಿಗೆ ಕೊಡಲು ದುಡ್ಡಿಲ್ಲದೆ ಅದೇ ತಿಂಗಳು ಉಡಿನೇಸೆ ವಿರುದ್ಧದ ಪಂದ್ಯವನ್ನೇ ಮುಂದೂಡಬೇಕಾಯಿತು. ಮಾರ್ಚ್ 19ರಂದು ನ್ಯಾಯಾಲಯವು ದಿವಾಳಿ ಘೋಷಿಸಿದಾಗ ಒಟ್ಟು ಸಾಲ 21.8 ಕೋಟಿ ಯೂರೋ, ಅದರಲ್ಲಿ ಬಾಕಿ ಸಂಬಳವೇ 6.3 ಕೋಟಿ.

ಸಂಬಳವಿಲ್ಲದೆ ತಿಂಗಳುಗಟ್ಟಲೆ ಆಡಿದ ಅದೇ ತಂಡ ಏಪ್ರಿಲ್‌ನಲ್ಲಿ ಇಟಲಿಯ ಬಲಾಢ್ಯ ತಂಡವಾದ ಯುವೆಂಟಸ್ಸನ್ನು 1-0ರಿಂದ ಸೋಲಿಸಿತೆಂಬುದು ನನಗೆ ಇಂದಿಗೂ ಸೋಜಿಗ. ಕ್ಲಬ್ಬನ್ನು ಕೊಳ್ಳುವವರು ಆಟಗಾರರ ಬಾಕಿಯನ್ನೂ ಹೊರಬೇಕಿದ್ದುದರಿಂದ, ಖರೀದಿದಾರರು ಮುಂದೆ ಬರಲೆಂದು ಆಟಗಾರರೇ ತಮ್ಮ ಬಾಕಿಯ ಬಹುಪಾಲನ್ನು ಬಿಟ್ಟುಕೊಡಲು ಒಪ್ಪಿದರು. ಆದರೂ ಯಾರೂ ಬರಲಿಲ್ಲ. ಹಳೆಯ ಕ್ಲಬ್ ಮುಚ್ಚಿ, ಹೊಸ ಹೆಸರಿನ ತಂಡ ನಾಲ್ಕನೆಯ ದರ್ಜೆಯಾದ ಸೀರಿ ಡಿಯಿಂದ ಆರಂಭಿಸಬೇಕಾಯಿತು. ನಾಯಕ ಅಲೆಸ್ಸಾಂಡ್ರೊ ಲುಕರೆಲ್ಲಿ ತಂಡ ಬಿಡದೆ ಜೊತೆಗೇ ಕೆಳಗಿಳಿದರು. ಸತತ ಮೂರು ಬಡ್ತಿ ಪಡೆದ ಪಾರ್ಮಾ 2018ರಲ್ಲಿ ಮತ್ತೆ ಅಗ್ರ ದರ್ಜೆಯಾದ ಸೀರಿ ಎ ತಲುಪಿದ ಮೇಲೆಯೇ ಅವರು ನಿವೃತ್ತರಾದದ್ದು.