ಪೊಲೀಸರು ಯಾವ ಕಾಗದ ಹಿಡಿದು ಬಂದರು?

ಪ್ರಿಯ ಲೇಖಕರೇ,

ಪುಣೆಯಿಂದ ನೀವು ಕಳಿಸಿದ ‘ಅಮಲಿನ ನಗರಿ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಬರುವುದಿಲ್ಲ. ಪಬ್‌ಗಳ ಮೇಲಿನ ದಾಳಿಯೆಲ್ಲ ಬರೀ ನಾಟಕ, ಪೋರ್ಚುಗಲ್‌ನವರಂತೆ ನಾವೂ ಡ್ರಗ್ಸನ್ನು ಕಾನೂನುಬದ್ಧ ಮಾಡಿಬಿಟ್ಟರೆ ಕತೆ ಮುಗಿಯಿತು ಎನ್ನುತ್ತೀರಿ. ಮುಂಬಯಿಯಲ್ಲಿ ಕೂತು ಕನ್ನಡ ಪತ್ರಿಕೆ ನಡೆಸುವ ನಮಗೆ ಇದಕ್ಕಿಂತ ಖಾರದ ಬರಹಗಳು ಬರುತ್ತವೆ, ಹಾಕುತ್ತಲೂ ಇರುತ್ತೇವೆ. ವಾದಕ್ಕೆ ನನ್ನ ಅಡ್ಡಿಯಿಲ್ಲ. ನೀವು ದಾಳಿ ದಾಳಿಗೂ ಇರುವ ವ್ಯತ್ಯಾಸ ನೋಡಿಲ್ಲ, ಅದೇ ತಕರಾರು.

ಮೊದಲ ಪುಟದಲ್ಲೇ ಮೂರು ಪ್ರಸಂಗಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. 2007ರಲ್ಲಿ ಪುಣೆ ಬಳಿಯ ಸಿಂಹಗಡದ ಬುಡದ ಡೋಣಜೆಯಲ್ಲಿ ರೇವ್ ಪಾರ್ಟಿಗೆ ನುಗ್ಗಿದ ಪೊಲೀಸರು 250ಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ಹಿಡಿದರು. ಅದು ಮಾದಕವಸ್ತು ಕಾಯ್ದೆಯ ಪ್ರಕರಣ, ಸರಿ. 2012ರಲ್ಲಿ ಮುಂಬಯಿಯ ಬಾರುಗಳಿಗೆ ಹಾಕಿ ಸ್ಟಿಕ್ ಹಿಡಿದು ಬರುತ್ತಿದ್ದ ಎಸಿಪಿ ವಸಂತ ಢೋಬಳೆಯವರ ದಾಳಿಗಳಲ್ಲಿ ಎದ್ದು ಬಂದದ್ದು ಬಹುಪಾಲು ಲೈಸೆನ್ಸು, ಪರ್ಮಿಟ್ಟು, ಮಿತಿಮೀರಿದ ಜನಸಂದಣಿಯ ಮಾತು. ಇನ್ನು 2024ರ ಜೂನ್. ಫರ್ಗ್ಯುಸನ್ ಕಾಲೇಜು ರಸ್ತೆಯ ಪಬ್ಬೊಂದರ ಶೌಚಾಲಯದ ವಿಡಿಯೊ ಹರಿದಾಡಿದ ಮೇಲೆ ನಿಮ್ಮೂರಲ್ಲಿ ಬುಲ್ಡೋಜರ್ ಓಡಾಡಿತಲ್ಲ, ಅದು ಕೆಡವಿದ್ದು ಅನಧಿಕೃತ ಕಟ್ಟಡವನ್ನು. ವಿಡಿಯೊದಲ್ಲಿ ಇದ್ದದ್ದು ಡ್ರಗ್ಸ್, ಉರುಳಿದ್ದು ತಗಡಿನ ಶೆಡ್ಡು. ಈ ಎರಡಕ್ಕೂ ಏನು ಸಂಬಂಧ ಎಂದು ನೀವು ಕೇಳಿದ್ದರೆ ಅಲ್ಲೇ ಒಂದು ಲೇಖನ ಇತ್ತು. ನೀವು ಕೇಳದೆ ‘ದಮನ’ ಎಂದು ಬರೆದು ಮುಂದೆ ಹೋಗಿದ್ದೀರಿ.

ಪೋರ್ಚುಗಲ್ ವಿಷಯವಂತೂ ತಪ್ಪೇ. 2001ರಲ್ಲಿ ಅವರು ಡ್ರಗ್ಸನ್ನು ಅಂಗಡಿಯಲ್ಲಿ ಮಾರಲು ಬಿಟ್ಟಿಲ್ಲ. ಹತ್ತು ದಿನದ ಸ್ವಂತ ಬಳಕೆಗೆ ಆಗುವಷ್ಟನ್ನು ಇಟ್ಟುಕೊಂಡವನನ್ನು ಜೈಲಿಗೆ ಕಳಿಸುವ ಬದಲು ಒಂದು ಸಮಿತಿಯ ಮುಂದೆ ಕೂರಿಸುತ್ತಾರೆ. ಮಾರಾಟ ಈಗಲೂ ಅಪರಾಧ. ನಮ್ಮ 1985ರ ಎನ್‌ಡಿಪಿಎಸ್, ಅಂದರೆ ಅದೇ ಮಾದಕವಸ್ತು ಕಾಯ್ದೆಯನ್ನಾದರೂ ತೆರೆದು ನೋಡಿದ್ದೀರಾ? ಸೇದಿದವನಿಗೂ ಮಾರಿದವನಿಗೂ ಒಂದೇ ಶಿಕ್ಷೆ ಎಂದು ಬರೆದಿದ್ದೀರಿ, ಅದೂ ಹಾಗಲ್ಲ. ಸೇವನೆಗೆ 27ನೇ ಕಲಂ, ಗರಿಷ್ಠ ಒಂದು ವರ್ಷ. ಚಿಕಿತ್ಸೆಗೆ ತಾನಾಗಿ ಮುಂದೆ ಬಂದ ವ್ಯಸನಿಗೆ 64ಎ ಕಲಂ ರಕ್ಷಣೆ ಕೊಡುತ್ತದೆ. ನಿಮ್ಮೂರಿನವರು ಎಂಡಿ ಎನ್ನುವ ಮೆಫೆಡ್ರೋನ್ ಎಂಬ ಡ್ರಗ್ಸ್ ಎರಡು ಗ್ರಾಂ ತನಕ ಅಲ್ಪ ಪ್ರಮಾಣ. ಐವತ್ತು ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಆಮೇಲೆ ಜಾಮೀನೇ ದುರ್ಲಭ. ಕಾಗದದ ಮೇಲೆ ಇಷ್ಟು ದಾರಿಗಳಿದ್ದೂ ಠಾಣೆಯಲ್ಲಿ ಹುಡುಗರ ಗತಿ ಏನಾಗುತ್ತದೆ ಎಂದು ತೋರಿಸಿದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಅದೇ 2024ರ ಫೆಬ್ರವರಿಯಲ್ಲಿ ನಿಮ್ಮ ಜಿಲ್ಲೆಯ ಕುರ್ಕುಂಭದ ಕಾರ್ಖಾನೆಯೊಂದರಲ್ಲಿ ನೂರಾರು ಕಿಲೋ ಎಂಡಿ ಸಿಕ್ಕಿತ್ತು. ಅದಾದ ನಾಲ್ಕು ತಿಂಗಳಿಗೆ ಪಬ್ಬುಗಳ ಮುಂದೆ ಕ್ಯಾಮೆರಾ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದಿತ್ತು.

ಈಗ ಮೂರನೇ ಪುಟಕ್ಕೆ ಬರೋಣ. ಪುಣೆಯ ಹಡಪ್ಸರದ ಪರ್ಮಿಟ್ ರೂಮಿನಲ್ಲಿ, ಅಂದರೆ ಬಾರಿನಲ್ಲಿ, ನಿಮ್ಮ ಮಾವ ಕ್ಯಾಶ್‌ನಲ್ಲಿ ಕೂರುತ್ತಾರೆ. ಶಟರ್ ಅರ್ಧ ಎಳೆದ ಮೇಲೆ ಒಂದು ದಿನದ ಕುಡಿತದ ಪರ್ಮಿಟ್ ಪುಸ್ತಕ ಬಿಚ್ಚಿ, ಬಂದ ಗಿರಾಕಿಗಳ ಹೆಸರು ಗೊತ್ತಿಲ್ಲದ್ದರಿಂದ ಊರಿನ ನೆಂಟರ ಹೆಸರುಗಳನ್ನೇ ಒಂದೊಂದಾಗಿ ತುಂಬುತ್ತಾರೆ. ಕುಂದಾಪುರದ ಅರ್ಧ ತಾಲೂಕು ಪ್ರತಿ ರಾತ್ರಿ ಹಡಪ್ಸರದಲ್ಲಿ ಕುಡಿದ ಲೆಕ್ಕ ಎಂದು ಬರೆದಿದ್ದೀರಿ. ಇದನ್ನು ಓದಿ ನಗು ಬಂತು. ಮತ್ತೆ ಓದಿದಾಗ ಅದರೊಳಗಿನ ದಿಗಿಲು ಕಾಣಿಸಿತು. ಕುಡಿಯಲು ಐದು ರೂಪಾಯಿಯ ಪರ್ಮಿಟ್ ಬೇಕು, ಬಿಯರಿಗೆ 21 ವರ್ಷ, ವಿಸ್ಕಿಗೆ 25 ಆಗಿರಬೇಕು ಎನ್ನುವ ರಾಜ್ಯ ನಮ್ಮ ಮಹಾರಾಷ್ಟ್ರ. 1949ರ ಮದ್ಯನಿಷೇಧ ಕಾಯ್ದೆ ಇಂದಿಗೂ ಜೀವಂತ. ಯಾರೂ ಪೂರ್ತಿ ಪಾಲಿಸಲಾಗದ ಕಾನೂನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದ್ದರೆ, ವ್ಯಾನು ಬಂದು ನಿಂತ ದಿನ ಏನಾದರೊಂದು ಸಿಕ್ಕೇ ಸಿಗುತ್ತದೆ. ಡ್ರಗ್ಸ್ ಹುಡುಕಲು ಬಂದವರು ಪರ್ಮಿಟ್ ಪುಸ್ತಕ ಎತ್ತಿಕೊಂಡು ಹೋದರು ಎಂದು ನೀವೇ ಬರೆದು, ಅದನ್ನು ಒಂದೇ ಸಾಲಿಗೆ ಮುಗಿಸಿದ್ದೀರಲ್ಲ ಮಾರಾಯರೇ! ಅಂದು ಮಾವ ಏನು ಮಾಡಿದರು? ವೇಟರ್ ಹುಡುಗರು ಹಿಂಬಾಗಿಲಿಂದ ಎಲ್ಲಿಗೆ ಹೋದರು? ಮುಂದಿನ ತಿಂಗಳ ಸಂಬಳ ಬಂತೇ? ಇದನ್ನು ನಿಮ್ಮನ್ನು ಬಿಟ್ಟು ಬೇರೆ ಯಾರೂ ಬರೆಯಲಾರರು. ಪೋರ್ಚುಗಲ್ ಬಗ್ಗೆ ಬರೆಯುವವರು ಸಾವಿರ ಜನ ಇದ್ದಾರೆ.

ಮಾವನನ್ನು 2005ರ ಬಗ್ಗೆಯೂ ಕೇಳಿ. ಆಗ ಗೃಹಮಂತ್ರಿಯಾಗಿದ್ದ ಆರ್. ಆರ್. ಪಾಟೀಲರು ಡ್ಯಾನ್ಸ್ ಬಾರ್ ಮುಚ್ಚಿಸಿದಾಗ ಕರಾವಳಿಯ ಎಷ್ಟೋ ಮನೆಗಳಿಗೆ ಮನಿಯಾರ್ಡರ್ ನಿಂತಿತು. ಆ ನಿಷೇಧ ತ್ರೀಸ್ಟಾರ್ ಮತ್ತು ಅದಕ್ಕಿಂತ ಮೇಲಿನ ಹೋಟೆಲುಗಳಿಗೆ ಅನ್ವಯಿಸುತ್ತಿರಲಿಲ್ಲ. ಕುಣಿತ ಒಂದೇ, ಮೇಲಿನ ತೂಗುದೀಪ ಬೇರೆ. ಈ ಭೇದ ಸಲ್ಲದೆಂದು ಬಾಂಬೆ ಹೈಕೋರ್ಟ್ 2006ರಲ್ಲಿ ನಿಷೇಧವನ್ನು ರದ್ದು ಮಾಡಿತು, 2013ರಲ್ಲಿ ಸುಪ್ರೀಂ ಕೋರ್ಟೂ ಆ ತೀರ್ಪನ್ನೇ ಎತ್ತಿಹಿಡಿಯಿತು. ಡ್ರಗ್ಸ್ ದಾಳಿ ಯಾವ ಬಾಗಿಲನ್ನು ಬಡಿಯುತ್ತದೆ, ಯಾವುದನ್ನು ಬಡಿಯುವುದಿಲ್ಲ ಎಂದು ಬರೆಯುವಾಗ ಆ ತೀರ್ಪು ಪಕ್ಕದಲ್ಲಿರಲಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಯುವಜನಾಂಗದ ಅಧಃಪತನ’ ಎಂಬುದು ನಾಲ್ಕು ಕಡೆ ಇದೆ, ನಾಲ್ಕನ್ನೂ ತೆಗೆಯಿರಿ. ಡ್ರಗ್ಸಿಗೆ ‘ವಿಷಸರ್ಪ’ ಬೇಡ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ನಿಯಾನ್ ದೀಪದ ಫೋಟೊವೂ ಬೇಡ.

ಬರೆಯುವ ಮೊದಲು ಮಾವನಿಗೆ ವಿಷಯ ಹೇಳಿ ಒಪ್ಪಿಗೆ ಕೇಳಿ. ಪರ್ಮಿಟ್ ಪುಸ್ತಕದ ಮಾತು ಅಚ್ಚಾದರೆ ಲೈಸೆನ್ಸಿಗೇ ಸಂಚಕಾರ ಬರಬಹುದು. ಬಾರಿನ ಹೆಸರು, ಏರಿಯಾ, ಮಾವನ ಊರು ಎಲ್ಲ ಬದಲಾಗಲಿ. ಅವರು ಬೇಡ ಎಂದರೆ ಅಲ್ಲಿಗೇ ಬಿಡಿ, ನನಗೊಂದು ಫೋನ್ ಮಾಡಿ. ಕೆಲಸ ಬಿಟ್ಟು ಊರಿಗೆ ಮರಳಿದ ಹಳೆಯ ವೇಟರುಗಳು ಕೆಲವರು ನನಗೆ ಗೊತ್ತು, ಅವರಿಗೆ ಮಾತಾಡಲು ಹೆದರಿಕೆಯಿಲ್ಲ.

ಇತಿ,
ಸಂಪಾದಕ