ಆ ಮೂರನೇ ಪ್ಯಾರಾ ಬಗ್ಗೆ

ಮೇಷ್ಟ್ರೇ,

ನಮ್ಮ ಪತ್ರಿಕೆಗೆ ನೀವು ಕಳಿಸಿದ 'ಭಟ್ಟಿಯಿಂದ ಮೆರಿಟ್‌ಗೆ' ಲೇಖನ ಓದಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದ ಕಥೆ. ಭಾಷೆ ಚೊಕ್ಕವಾಗಿದೆ, ಕಾಗುಣಿತದ ತಪ್ಪಿಲ್ಲ. ಆದರೆ ಮೂರನೇ ಪ್ಯಾರಾಕ್ಕೆ ಬಂದಾಗ ಸಿಟ್ಟು ಬಂತು. ಉಳಿದದ್ದು ಹಾಗಿರಲಿ, ಅದನ್ನಷ್ಟೇ ಹಿಡಿಯುತ್ತೇನೆ.

'ಛಲವೊಂದಿದ್ದರೆ ಬಡತನ ಅಡ್ಡಿಯಲ್ಲ.' ಹಾಗಾದರೆ ಅವಳ ಪಕ್ಕದಲ್ಲೇ ಕೂತು ಫೇಲಾದವಳಿಗೆ ಛಲ ಇರಲಿಲ್ಲವೆ? ಒಬ್ಬಳನ್ನು ಹೊಗಳುವ ಭರದಲ್ಲಿ ಇಡೀ ತರಗತಿಯನ್ನು ಬೈದುಬಿಟ್ಟಿರಿ. ಈ ಸಾಲು ತೆಗೆದು ಅಂಕಪಟ್ಟಿ ಬಿಡಿಸಿ. 625ರಲ್ಲಿ 125 ಆಂತರಿಕ ಅಂಕ, 500 ಲಿಖಿತ ಪರೀಕ್ಷೆಯದು. ಆಂತರಿಕ ಅಂಕಕ್ಕೆ ನಮ್ಮ ಶಾಲೆಗಳಲ್ಲಿ ಕೈ ಧಾರಾಳ, ಅದು ನಿಮಗೂ ಗೊತ್ತು. ಸೋರುವುದು ಆ 500ರಲ್ಲಿ, ಅದರಲ್ಲೂ ಗಣಿತ, ಇಂಗ್ಲಿಷಿನಲ್ಲಿ. ಐದನೇ ಕ್ಲಾಸಿನ ಭಾಗಾಕಾರದಲ್ಲಿ ಎಡವಿದ ಮಗುವಿಗೆ ಹತ್ತರ ಬಹುಪದೋಕ್ತಿ ತಲೆಗೆ ಹತ್ತುವುದಿಲ್ಲ. ದುಡ್ಡಿದ್ದ ಮನೆಯವರು ಆ ಗುಂಡಿಯನ್ನು ಆಗಲೇ ಟ್ಯೂಷನ್ ಹಾಕಿಸಿ ಮುಚ್ಚಿರುತ್ತಾರೆ. ಇಲ್ಲದವರ ಮನೆಯಲ್ಲಿ ಅದು ವರ್ಷವರ್ಷ ಆಳವಾಗುತ್ತದೆ. ನಿಮ್ಮ ಹುಡುಗಿಗೆ ಅದನ್ನು ಯಾರು ಮುಚ್ಚಿಕೊಟ್ಟರು? ಅಣ್ಣನೋ, ಸಂಜೆ ತರಗತಿಯೋ, ನೀವೋ? ಲೇಖನ ಇರುವುದೇ ಅಲ್ಲಿ, ಅದೇ ಬಿಟ್ಟುಹೋಗಿದೆ.

ಮುಂದಿನ ಸಾಲು: 'ಗೈರುಹಾಜರಿಗೆ ಪೋಷಕರ ಅಸಡ್ಡೆಯೇ ಕಾರಣ.' ನಾನು ಕೆಲಸ ಕಲಿಯುವಾಗ ಪತ್ರಿಕೆಯ ಡೆಸ್ಕಿನ ಹಿರಿಯರೊಬ್ಬರು ಇಂಥ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ 'ಯಾವ ತಿಂಗಳು?' ಎಂದಷ್ಟೇ ಗೀಚಿ ಹಾಳೆ ವಾಪಸ್ ಕೊಡುತ್ತಿದ್ದರು. ನಾನೂ ಅದನ್ನೇ ಕೇಳುತ್ತೇನೆ. ಜಗಳೂರು, ಮೊಳಕಾಲ್ಮುರು ಕಡೆಯಿಂದ ಜನ ಮಲೆನಾಡಿಗೆ ಕಾಫಿ ಕೊಯ್ಲಿಗೆ ಹೋಗುತ್ತಾರೆ. ಅರೇಬಿಕಾ ನವೆಂಬರಿನಿಂದ ಜನವರಿ, ರೊಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚಿಗೆ ಬಿದ್ದಿರುತ್ತದೆ. ಶಾಲೆಯಲ್ಲಿ ಪಾಠ ಮುಗಿಸಿ ಪುನರಾವರ್ತನೆ, ಪೂರ್ವಸಿದ್ಧತಾ ಪರೀಕ್ಷೆ ನಡೆಯುವುದೂ ಅದೇ ತಿಂಗಳುಗಳಲ್ಲಿ. ಅಪ್ಪ ಅವ್ವನ ಜತೆ ಹೋದ ಹುಡುಗನಿಗೆ ಪಾಠ ತಪ್ಪುತ್ತದೆ, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಊರಲ್ಲೇ ಉಳಿದ ಅಕ್ಕನಿಗೆ ಓದಿನ ಹೊತ್ತು ತಪ್ಪುತ್ತದೆ. ಇದನ್ನು ಅಸಡ್ಡೆ ಅನ್ನುತ್ತೀರಾ?

ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ 25 ಪರ್ಸೆಂಟ್ ಸೀಟು ಎಂಬ ಸಾಲೂ ಹಳಸಿದೆ. 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ತೆಗೆಯಿರಿ.

ತಿದ್ದುವ ಮುನ್ನ ಹಾಜರಿ ಪುಸ್ತಕ ಬಿಚ್ಚಿ. ಗೆದ್ದ ಹುಡುಗಿ ಮತ್ತು ಫೇಲಾದ ಒಬ್ಬಳು, ಇಬ್ಬರ ಹಾಜರಿಯನ್ನೂ ಜೂನ್‌ನಿಂದ ಮಾರ್ಚ್‌ವರೆಗೆ ತಿಂಗಳುವಾರು ಎಣಿಸಿ. ಆಮೇಲೆ ಇಬ್ಬರ ಮನೆಗೂ ಸಂಜೆ ಏಳರ ಮೇಲೆ ಹೋಗಿ: ಒಂದು ಬಲ್ಬಿನಡಿ ಎಷ್ಟು ಜನ, ನಲ್ಲಿ ನೀರು ಬರುವ ದಿನ ಯಾರು ಶಾಲೆ ತಪ್ಪಿಸುತ್ತಾರೆ, ಗೈಡಿನ ದುಡ್ಡು ಎಷ್ಟು ದಿನದ ಕೂಲಿ. ಅವ್ವನನ್ನು ಕೇಳಿ, ಅಪ್ಪನಿಗೆ ಲೆಕ್ಕ ಗೊತ್ತಿರುವುದಿಲ್ಲ.

ಎಂಟುನೂರು ಪದ ಮೀರಬೇಡಿ. ಫೇಲಾದವಳ ಹೆಸರು, ಫೋಟೊ ಎರಡೂ ಬೇಡ.