‘ಮೆಣಸಿನಕಾಯಿ’ ಅಂತ ನಿಜವಾಗಿಯೂ ಅಡ್ಡಹೆಸರು ಇದೆಯಾ? ಅದು ಹೇಗೆ ಬಂತು?

ಇದೆ. ಬೆಂಗಳೂರಿನ ತರಗತಿಯಲ್ಲಿ ಹಾಜರಿ ಕೂಗಿದಾಗ ನಗು ಎದ್ದೀತು. ಧಾರವಾಡ, ಹಾವೇರಿ, ಗದಗ ಕಡೆ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿ ಬೆಲ್ಲದ, ಉಳ್ಳಾಗಡ್ಡಿ (ಅಂದರೆ ಈರುಳ್ಳಿ), ಅಂಗಡಿ ಎಲ್ಲವೂ ಮನೆತನದ ಹೆಸರುಗಳೇ. 2023ರಲ್ಲಿ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಿಂದ ಗೆದ್ದ ಶಾಸಕರ ಹೆಸರೇ ಮಹೇಶ ಟೆಂಗಿನಕಾಯಿ.

ಇಂಥ ಹೆಸರುಗಳು ಸಾಮಾನ್ಯವಾಗಿ ಕಸುಬಿನಿಂದ ಬಂದವು. ಬೆಲ್ಲ ಮಾರಿದವರು ಬೆಲ್ಲದ, ಮೆಣಸಿನಕಾಯಿ ಬೆಳೆದವರು ಅಥವಾ ವ್ಯಾಪಾರ ಮಾಡಿದವರು ಮೆಣಸಿನಕಾಯಿ. ಊರಲ್ಲಿ ನಾಲ್ಕು ಮಂದಿ ಬಸಪ್ಪ ಇದ್ದರೆ ‘ಯಾವ ಬಸಪ್ಪ?’ ಅಂದಾಗ ‘ಮೆಣಸಿನಕಾಯಿ ಬಸಪ್ಪ’ ಅನ್ನಬೇಕಾಗುತ್ತಿತ್ತು. ಮುಂದೆ ಅದೇ ಶಾಲೆಯ ದಾಖಲೆ, ಹೊಲದ ಉತಾರಕ್ಕೂ (ಪಹಣಿಗೂ) ಏರಿತು. 1956ರವರೆಗೆ ಈ ಭಾಗ ಮುಂಬೈ ಆಡಳಿತದಲ್ಲಿತ್ತು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಗಟ್ಟಿಯಾಗಲು ಅದೂ ಕಾರಣ. ಹಳೇ ಮೈಸೂರಿನವರು ಇನಿಶಿಯಲ್‌ನಲ್ಲೇ ಮುಗಿಸಿದರು.

ನನಗೆ ಮಜಾ ಅನಿಸುವುದು ಇದರ ವಯಸ್ಸು. ಕನ್ನಡದಲ್ಲಿ ‘ಮೆಣಸು’ ಅಂದರೆ ಮೂಲದಲ್ಲಿ ಕರಿಮೆಣಸು. ಅಮೆರಿಕದ ಮೆಣಸಿನಕಾಯಿ ಪೋರ್ಚುಗೀಸರ ಜೊತೆ 16ನೇ ಶತಮಾನದಲ್ಲಿ ಇಲ್ಲಿಗೆ ಬಂದು ಆ ಹೆಸರನ್ನು ಎರವಲು ಪಡೆಯಿತು. ಹಾಗಾಗಿ ಈ ಅಡ್ಡಹೆಸರು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಹಾವೇರಿ ಜಿಲ್ಲೆಯಲ್ಲೇ ಇರುವಾಗ ಹೆಸರು ಆ ಸುತ್ತಲೇ ಸಿಗುವುದು ಸಹಜ.

ಅಂದಹಾಗೆ, ಇದು ಜಾತಿಸೂಚಕ ಅಲ್ಲ. ಒಂದೇ ಕಸುಬಿನ ಹೆಸರು ಬೇರೆ ಬೇರೆ ಸಮುದಾಯಗಳಲ್ಲಿ ಇರಬಹುದು.